ಅಚ್ಚನ್ನು ಹೊಟ್ಟೆಯಲ್ಲಿಟ್ಟುಕೊಂಡ ಕಿಣ್ವ

1984ರ ಕ್ರಿಸ್ಮಸ್. ಊರಿಗೆ ಊರೇ ಹಬ್ಬದಲ್ಲಿರುವಾಗ 23ರ ಹರೆಯದ ಕ್ಯಾರಲ್ ಗ್ರೈಡರ್ ಬರ್ಕ್ಲಿಯ ತಮ್ಮ ಪ್ರಯೋಗಾಲಯಕ್ಕೆ ಬಂದರು. ಎಕ್ಸ್-ರೇ ಫಿಲ್ಮ್ ಎತ್ತಿ ನೋಡಿದರೆ, ಏಣಿ! ಒಂದರ ಮೇಲೊಂದು ಕಪ್ಪು ಪಟ್ಟಿ, ನಡುವೆ ಡಿಎನ್‌ಎಯ ಆರಾರು ಅಕ್ಷರಗಳ ಅಂತರ. ಟೆಟ್ರಾಹೈಮಿನಾ ಎಂಬ ಕೆರೆನೀರಿನ ಏಕಕೋಶಜೀವಿಯ ಸಾರದಲ್ಲಿದ್ದ ಯಾವುದೋ ಒಂದು ವಸ್ತು ಡಿಎನ್‌ಎ ತುದಿಯನ್ನು ಬೆಳೆಸುತ್ತಿತ್ತು. ಗ್ರೈಡರ್ ಮನೆಗೆ ಹೋಗಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಹಾಡು ಹಾಕಿ ಕುಣಿದರಂತೆ. ಕುಣಿಯದೆ ಇನ್ನೇನು ಮಾಡಿಯಾರು?

ಯಾಕೆಂದರೆ ಅದು ಆಗಬಾರದ ಕೆಲಸ. ಡಿಎನ್‌ಎ ಬರೆಯಲು ಎದುರಿಗೊಂದು ಮೂಲ ಎಳೆ ಬೇಕೇ ಬೇಕು. ಅದಿದ್ದರೂ ನಕಲು ಮಾಡುವ ಕಿಣ್ವಕ್ಕೆ ಕಟ್ಟಕಡೆಯ ತುದಿ ದಕ್ಕುವುದಿಲ್ಲ: ನೆಲ ಸಾರಿಸುತ್ತ ಹಿಂದೆ ಸರಿಯುವವಳಿಗೆ ತನ್ನ ಕಾಲಡಿಯ ಜಾಗ ಉಳಿದುಬಿಡುವ ಹಾಗೆ. ನಮ್ಮ ಜೀವಕೋಶ ಒಂದೊಂದು ಸಲ ಒಡೆದಾಗಲೂ 46 ವರ್ಣತಂತುಗಳ 92 ತುದಿಗಳಿಂದ ತಲಾ ಸುಮಾರು 50ರಿಂದ 100 ಅಕ್ಷರ ಕಳೆದುಹೋಗುತ್ತವೆ. ಅದಕ್ಕೇ ಅಲ್ಲಿ ಟಿಟಿಎಜಿಜಿಜಿ, ಟಿಟಿಎಜಿಜಿಜಿ ಎಂದು ಸಾವಿರಾರು ಸಲ ಜಪ ಬರೆದಂತಿದೆ. ಅದೇ ಟೆಲೊಮಿಯರ್. ಸವೆಯಲೆಂದೇ ಇಟ್ಟ ಪುಟ!

ಹಾಗಾದರೆ ಆ ಜಪ ಬರೆದವರು ಯಾರು, ಯಾವ ಪ್ರತಿ ನೋಡಿ? ಇಲ್ಲಿದೆ ನೋಡಿ ಬೆರಗು: ಆ ಪ್ರತಿ ಇರುವುದು ಗ್ರೈಡರ್ ಕಂಡ ಟೆಲೊಮರೇಸ್ ಎಂಬ ಕಿಣ್ವದ ಒಳಗೇ. ಮನುಷ್ಯನ ಟೆಲೊಮರೇಸ್‌ನಲ್ಲಿ ಒಂದು ಪ್ರೋಟೀನ್ ಜೊತೆಗೆ 451 ಅಕ್ಷರಗಳ ಆರ್‌ಎನ್‌ಎ ಎಳೆ ಹೆಣೆದುಕೊಂಡಿದೆ. ಅದರಲ್ಲಿ ಕೇವಲ 11 ಅಕ್ಷರ ಅಚ್ಚು. ವರ್ಣತಂತುವಿನ ತುದಿ ಬಂದು ಅಚ್ಚಿನ ಒಂದು ಬದಿಗೆ ಅಂಟುತ್ತದೆ; ಉಳಿದ ಭಾಗ ನೋಡಿ ಆರಕ್ಷರ ಬರೆಯಲಾಗುತ್ತದೆ; ತುದಿ ಜರುಗುತ್ತದೆ, ಮತ್ತೆ ಅಂಟುತ್ತದೆ, ಮತ್ತೆ ಆರು! ಆರ್‌ಎನ್‌ಎಯಿಂದ ಡಿಎನ್‌ಎಗೆ, ಅಂದರೆ ಎಚ್‌ಐವಿ ವೈರಸ್ ಮಾಡುವ ಹಿಮ್ಮುಖ ಬರವಣಿಗೆ, ನಮ್ಮದೇ ಕೋಶದಲ್ಲಿ. ಎದುರಿನ ಎಳೆಯನ್ನು ತುಂಬುವ ಕೆಲಸ ಮಾತ್ರ ಮಾಮೂಲಿ ಕಿಣ್ವಗಳದು.

ಭ್ರೂಣದಲ್ಲಿ, ವೀರ್ಯಾಣು ಹುಟ್ಟಿಸುವ ಕೋಶಗಳಲ್ಲಿ ಟೆಲೊಮರೇಸ್ ಚುರುಕು. ದೇಹದ ಬಹುಪಾಲು ಕೋಶಗಳಲ್ಲಿ ಅದರ ಬಾಯಿ ಕಟ್ಟಿದೆ. 1998ರಲ್ಲಿ ವಿಜ್ಞಾನಿಗಳು ಅದರ ಪ್ರೋಟೀನಿನ ಜೀನನ್ನು ಸಾಮಾನ್ಯ ಮಾನವಕೋಶಗಳಿಗೆ ಸೇರಿಸಿದರು. ನಿಲ್ಲಬೇಕಾದ ಗಡಿ ದಾಟಿಯೂ ಅವು ಒಡೆಯುತ್ತಲೇ ಹೋದವು! ಅಮರತ್ವದ ಗುಳಿಗೆ ಎಂದು ಜಾಹೀರಾತು ಬರೆಯುವವರು ತಾಳಬೇಕು: ಹತ್ತರಲ್ಲಿ ಎಂಟೊಂಬತ್ತು ಕ್ಯಾನ್ಸರ್‌ಗಳು ಬದುಕುವುದೂ ಇದೇ ಕಿಣ್ವವನ್ನು ಎಬ್ಬಿಸಿಕೊಂಡು.

2009ರಲ್ಲಿ ಗ್ರೈಡರ್, ಅವರ ಗುರು ಎಲಿಜಬೆತ್ ಬ್ಲ್ಯಾಕ್‌ಬರ್ನ್, ಜ್ಯಾಕ್ ಶೋಸ್ಟಾಕ್ ಮೂವರಿಗೂ ನೊಬೆಲ್ ಬಂತು. ಈ ಕಿಣ್ವವನ್ನೇ ತಡೆಯುವ ಇಮೆಟೆಲ್‌ಸ್ಟಾಟ್ ಎಂಬ ಔಷಧವನ್ನು 2024ರಲ್ಲಿ ಅಮೆರಿಕ ಅಸ್ಥಿಮಜ್ಜೆಯ ಒಂದು ರೋಗಕ್ಕೆ ಒಪ್ಪಿತು. 13 ಅಕ್ಷರಗಳ ಕೃತಕ ತುಣುಕು ಅದು. ನೇರ ಹೋಗಿ ಆ ಅಚ್ಚಿನ ಮೇಲೆಯೇ ಕೂತುಬಿಡುತ್ತದೆ.