ಗೆರೆಗಳ ನಡುವಣ ನಂಟು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ—ಈ ಕಡೆಯ ಮನೆ, ಮಳಿಗೆ, ತಂಬಾಕಿನ ಬ್ಯಾರನ್ನುಗಳಿಗೆ ನಕ್ಷೆ ಬರೆದುಕೊಡುವುದು ನನ್ನ ಕಸುಬು. ಟಿ-ಸ್ಕ್ವೇರ್ ಹಿಡಿದು, ಟ್ರೇಸಿಂಗ್ ಕಾಗದದ ಮೇಲೆ ಶಾಯಿಯಲ್ಲಿ ಬರೆದು ಕಲಿತವನು ನಾನು. ತಪ್ಪಿದ ಗೆರೆಯನ್ನು ಬ್ಲೇಡಿನಿಂದ ಕೆರೆದು ತೆಗೆಯುತ್ತಿದ್ದ ಕಾಲವದು. ಆಟೋಕ್ಯಾಡ್ ತಂತ್ರಾಂಶ ಮೊದಲು ಹೊರಬಂದದ್ದು 1982ರಲ್ಲಿ. ನನ್ನ ಮೇಜಿಗೆ ಬರುವ ವೇಳೆಗೆ ಅದು ಹಲವು ಆವೃತ್ತಿಗಳನ್ನು ದಾಟಿತ್ತು. ನಿಜ ಹೇಳಬೇಕೆಂದರೆ, ಬ್ಲೇಡು ಬೇಡದ ಟ್ರೇಸಿಂಗ್ ಕಾಗದವೆಂದೇ ತಿಳಿದು ಅದನ್ನು ಬಹುಕಾಲ ಬಳಸಿದೆ. ಹೊಸ ಆವೃತ್ತಿ ಬಂದಾಗಲೆಲ್ಲ ಹಳೆಯ ಗುಂಡಿಗಳು ಎಲ್ಲಿ ಅಡಗಿವೆಯೆಂದು ಹುಡುಕುವುದೇ ನನ್ನ ಕಲಿಕೆ.

2010ನೆಯ ಆವೃತ್ತಿಯಲ್ಲಿ ಸೇರಿದ ಒಂದು ಸೌಕರ್ಯವನ್ನು ಮಾತ್ರ ಹಾಗೆ ದಾಟಿಹೋಗಲಾಗಲಿಲ್ಲ. ಇಂಗ್ಲಿಷಿನವರು ಕನ್‌ಸ್ಟ್ರೇಂಟ್ ಎನ್ನುತ್ತಾರೆ. ನಾವು ಕಟ್ಟುಪಾಡು ಎನ್ನೋಣ. ಈ ಎರಡು ಗೆರೆಗಳು ಸದಾ ಸಮವಾಗಿರಲಿ ಎಂದು ಒಮ್ಮೆ ವಿಧಿಸಿದರೆ, ಒಂದು ಬೆಳೆದಾಗ ಇನ್ನೊಂದೂ ಬೆಳೆಯುತ್ತದೆ. ನಾಲ್ಕು ಗೋಡೆಗಳು ಸಮವೆಂದಷ್ಟೇ ಹೇಳಿದರೆ ಸಾಲದು. ಮೂಲೆ ಸಡಿಲಾದ ಮಂಚದಂತೆ ಚೌಕ ಪಕ್ಕಕ್ಕೆ ವಾಲೀತು. ಮೂಲೆ ಲಂಬವೆಂದೂ ವಿಧಿಸಬೇಕು. ಅಳತೆಗಳಿಗೆ ಹೆಸರಿಟ್ಟು, ಅಗಲವು ಉದ್ದದ ಮುಕ್ಕಾಲು ಎಂಬಂಥ ಸೂತ್ರವನ್ನೂ ಬರೆಯಬಹುದು. ವಿಚಾರವೇನೋ ಹಳೆಯದು. 1963ರಲ್ಲಿಯೇ ಅಮೆರಿಕೆಯ ಎಂ.ಐ.ಟಿ.ಯಲ್ಲಿ ಐವನ್ ಸದರ್‌ಲೆಂಡ್ ಎಂಬವರು ತಮ್ಮ 'ಸ್ಕೆಚ್‌ಪ್ಯಾಡ್'ನಲ್ಲಿ, ಬೆಳಕಿನ ಲೇಖನಿಯಿಂದ ಪರದೆಯ ಮೇಲೆ ಬರೆದ ಗೆರೆಗಳಿಗೆ ಇಂಥ ಕಟ್ಟುಪಾಡುಗಳನ್ನು ಹಾಕಿ ತೋರಿಸಿದ್ದರು.

ನಾನಿದನ್ನು ಕಲಿತದ್ದು ಪಿರಿಯಾಪಟ್ಟಣದ ಕಡೆಯ ರೈತರೊಬ್ಬರ ಬ್ಯಾರನ್ನಿನಿಂದ. ತಂಬಾಕಿನ ಎಲೆಯನ್ನು ಕಡ್ಡಿಗೆ ಕಟ್ಟಿ, ಗಳುಗಳ ಮೇಲೆ ಸಾಲುಸಾಲಾಗಿ ತೂಗುಹಾಕಿ, ಒಲೆಯ ಬಿಸಿಯನ್ನು ಕೊಳವೆಗಳಲ್ಲಿ ಹಾಯಿಸಿ ಹದಮಾಡುವ ಕಟ್ಟಡವದು. 16 ಅಡಿ ಚೌಕಕ್ಕೆ ನಕ್ಷೆ ಬರೆದು, ಹೊಸ ಹುರುಪಿನಲ್ಲಿ ನಾಲ್ಕು ಗೋಡೆಗಳಿಗೂ ಸಮವೆಂಬ ಗುರುತು ಹಾಕಿದೆ. ಆಮೇಲೆ ಅವರು, "ಉದ್ದ ಮಾತ್ರ 20 ಅಡಿ ಮಾಡಿ" ಎಂದರು. ಒಂದು ಅಂಕಿ ತಿದ್ದಿದೆ. ಕಣ್ಣು ಮಿಟುಕಿಸುವುದರಲ್ಲಿ ಚಿತ್ರ ತಾನೇ ಸರಿಹೊಂದಿಕೊಂಡಿತು. ಖುಷಿಯಿಂದ ಅಚ್ಚು ತೆಗೆದುಕೊಟ್ಟೆ.

ಪಾಯದ ದಾರ ಕಟ್ಟುವ ಮುನ್ನ ಗಾರೆಯವನು ಫೋನು ಮಾಡಿದ: "ಸಾ, ಗಳೆಲ್ಲ ಹದ್ನಾರಡಿಗೆ ಕೊಯ್ಸವ್ರೆ. ಅಗ್ಲಾನೂ ಇಪ್ಪತ್ತಾದ್ರೆ ಎಲ್ಲಿ ಕೂರ್ಸದು?"

320 ಚದರಡಿ ಆಗಬೇಕಾದದ್ದು 400 ಆಗಿತ್ತು. ದಾರ ಕಟ್ಟಿದ್ದರೆ ಆ ರೈತರ ಒಂದು ಹಂಗಾಮಿನ ಹಣ ಮಣ್ಣಿಗೆ ಹೋಗುತ್ತಿತ್ತು. ಟ್ರೇಸಿಂಗ್ ಕಾಗದದ ಮೇಲೆ ನಾನು ಮುಟ್ಟದ ಗೋಡೆ ಎಂದೂ ಕದಲಿರಲಿಲ್ಲ. ಕಂಪ್ಯೂಟರನ್ನು ಬೈಯುತ್ತಿದ್ದಾಗ ನನ್ನ ಸೋದರಳಿಯ ಕೇಳಿದ: "ಮಾವ, ನಾಲ್ಕೂ ಸಮವಾಗಿರಲೇಬೇಕೆಂದು ಹೇಳಿದವರು ನೀವೇ ಅಲ್ಲವೆ?"

ನಾನೇ. ಗೋಡೆಗಳು ಸಮವಾಗಿದ್ದವು, ಅಷ್ಟೆ. ಇರಲೇಬೇಕೆಂದು ಯಾರೂ ಕೇಳಿರಲಿಲ್ಲ. ಇದ್ದದ್ದಕ್ಕೂ ಇರಬೇಕಾದದ್ದಕ್ಕೂ ನಡುವೆ ಇರುವ ಈ ಅಂತರವನ್ನು ಮೂವತ್ತು ವರ್ಷ ಗೆರೆ ಎಳೆದವನು ಯೋಚಿಸಿರಲೇ ಇಲ್ಲ. ಈಗ ಅಚ್ಚು ತೆಗೆಯುವ ಮೊದಲು ಒಂದೊಂದು ಗೋಡೆಯನ್ನೂ ಎಳೆದು, ಯಾವುದು ಯಾವುದರ ಹಿಂದೆ ಹೋಗುತ್ತದೆಂದು ನೋಡುತ್ತೇನೆ.

ಸದ್ಯ ಕೆ.ಆರ್. ನಗರದ ಮನೆಯೊಂದರ ನಕ್ಷೆ ಪರದೆಯ ಮೇಲಿದೆ. ಅಡಿಗೆಮನೆ, ದೇವರಮನೆ ಎರಡರ ಅಗಲವೂ 8 ಅಡಿ. ಸಮವೆಂಬ ಗುರುತನ್ನು ಇನ್ನೂ ಹಾಕಿಲ್ಲ, ಮನೆಯವರನ್ನು ಕೇಳಬೇಕಾಗಿದೆ.