ಹೆಣಿಗೆಯ ಮೊದಲ ಸಾಲು

ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯಾದವರು ಪರೀಕ್ಷೆಯ ಫಲಿತಾಂಶವನ್ನೂ ಕಟ್ಟಡದ ನಿಧಿಯನ್ನೂ ಕುರಿತು ಬರೆಯುವುದು ವಾಡಿಕೆ. ಆ ಸಂಗತಿಗಳು ವಾರ್ಷಿಕ ವರದಿಯಲ್ಲಿ ಬಂದೇ ಇವೆ. ಆದಕಾರಣ ಈ ಪುಟಗಳಲ್ಲಿ ನಾವು ಕೈಹೆಣಿಗೆಯ ಮೊದಲ ಸಾಲನ್ನು ಕುರಿತು ನಾಲ್ಕು ಮಾತು ಬರೆಯಲು ಇಚ್ಛಿಸುತ್ತೇವೆ. ವಿಷಯವು ಅಲ್ಪವೆಂದು ಕೆಲವರಿಗೆ ತೋರಬಹುದು. ಆದರೆ ಇದರಲ್ಲಿ ನಾವು ಅನೇಕ ವರುಷಗಳ ಕಾಲ ತಪ್ಪಾಗಿ ಕಲಿಸಿದುದುಂಟು. ಆ ತಪ್ಪನ್ನು ಕಲಿತುಕೊಂಡು ಹೋದವರು ಈಗ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಊರೂರುಗಳಲ್ಲಿ ಗೃಹಿಣಿಯರಾಗಿದ್ದಾರೆ. ಅವರಿಗೆ ಒಂದು ತಿದ್ದುಪಡಿಯನ್ನು ಸಲ್ಲಿಸುವುದು ನಮ್ಮ ಕರ್ತವ್ಯವಾಗಿದೆ.

ಕಳೆದ ಜನವರಿಯಲ್ಲಿ ಹೊಸ ಅಗ್ರಹಾರದ ಕಡೆಗೆ ಮದುವೆಯಾಗಿ ಹೋಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಆರು ತಿಂಗಳ ಕೂಸನ್ನು ಎತ್ತಿಕೊಂಡು ಶಾಲೆಗೆ ಬಂದಿದ್ದಳು. ಅವಳ ಚೀಲದಲ್ಲಿ ಹಳದಿ ಬಣ್ಣದ ಒಂದು ಸ್ವೆಟರಿತ್ತು. ನಾವು ಕಲಿಸಿದಂತೆಯೇ ಕತ್ತಿನಿಂದ ಆರಂಭಿಸಿ ಕೆಳಮುಖವಾಗಿ ಹೆಣೆದು ಮುಗಿಸಿದ್ದಳು. ಕುಣಿಕೆಗಳು ಸಮನಾಗಿದ್ದವು, ತೋಳುಗಳು ಜೋಡಿಯಾಗಿದ್ದವು. ಆದರೆ ಅದು ಕೂಸಿನ ತಲೆಯನ್ನು ದಾಟಿ ಇಳಿಯಲೊಲ್ಲದು. ಎಳೆದಾಗ ಮಗು ಕಿರುಚಿತಂತೆ. ಅತ್ತೆಯವರು ಅದನ್ನು ಕಿತ್ತು ಟ್ರಂಕಿನಲ್ಲಿಟ್ಟು, ಪೇಟೆಯಿಂದ ಬೇರೊಂದನ್ನು ತರಿಸಿದರಂತೆ.

“ಟೀಚರಮ್ಮ, ಓದುವಾಗ ನನ್ನ ಅಂಚು ಸಡಿಲವೆಂದು ನೀವು ಮೂರು ಸಲ ಬಿಚ್ಚಿಸಿದ್ದಿರಿ. ಅದಕ್ಕೇ ಈ ಸಲ ಬಿಗಿಯಾಗಿ ಹಾಕಿದೆ. ಆದರೂ ನನ್ನ ಕೈಗೆ ಹೆಣಿಗೆ ಹತ್ತಲಿಲ್ಲ” ಎಂದು ಆಕೆ ನಕ್ಕಳು. ಆ ನಗೆ ನಮ್ಮ ಮನಸ್ಸಿಗೆ ನಾಟಿತು. ಅಳತೆಯ ಪಟ್ಟಿಯನ್ನು ತರಿಸಿ ನೋಡಿದೆವು. ಕೂಸಿನ ತಲೆಯ ಸುತ್ತು 43 ಸೆಂಟಿಮೀಟರು. ಸ್ವೆಟರಿನ ಕತ್ತು ಎಷ್ಟು ಎಳೆದರೂ 37ಕ್ಕೆ ನಿಲ್ಲುತ್ತಿತ್ತು. ಕತ್ತಿನ ಪಟ್ಟಿಯ ಹೆಣಿಗೆಯಾದರೋ ಧಾರಾಳವಾಗಿ ಹಿಗ್ಗುತ್ತಿತ್ತು. ಹಿಗ್ಗದೆ ತಡೆದದ್ದು ಮೊದಲ ಸಾಲೊಂದೇ. ದೋಷವು ಆಕೆಯ ಕೈಯಲ್ಲಿರಲಿಲ್ಲ, ನಾವು ಕೊಟ್ಟ ಅಂಕಗಳಲ್ಲಿತ್ತು.

ನಾವು ಬಿಗಿಯಾದ ಅಂಚಿಗೆ ಅಂಕ ಕೊಡುವುದನ್ನು ಕಲಿತದ್ದಾದರೂ ಎಲ್ಲಿಂದ? ಇಂಗ್ಲೆಂಡಿನಲ್ಲಿ 1862ರ ಪರಿಷ್ಕೃತ ನಿಯಮಾವಳಿಯು ಸರಕಾರದ ಸಹಾಯಧನ ಪಡೆಯುವ ಪ್ರಾಥಮಿಕ ಶಾಲೆಗಳಲ್ಲಿ ಹುಡುಗಿಯರಿಗೆ ಸಾದಾ ಹೊಲಿಗೆಯನ್ನು ಕಡ್ಡಾಯಮಾಡಿತು. ಮಿಷನ್ ಶಾಲೆಗಳ ಸೂಜಿಕೆಲಸವೂ ಆ ಪದ್ಧತಿಯ ನೆರಳಿನಲ್ಲೇ ಬೆಳೆಯಿತು. ಹುಡುಗಿಯು ಅಂಗೈಯಗಲದ ಮಾದರಿ ತುಂಡನ್ನು ಮಾಡಿ ಕಾಗದಕ್ಕೆ ಅಂಟಿಸುವಳು. ಪರೀಕ್ಷಕರು ಕಣ್ಣಿನಿಂದ ನೋಡಿ ಅಂಕ ಕೊಡುವರು. ಮಾದರಿ ತುಂಡಿನೊಳಗೆ ಯಾರ ತಲೆಯೂ ತೂರಬೇಕಾಗಿಲ್ಲ. ಹುರಿಯಂತೆ ಗಟ್ಟಿಯಾಗಿ ನೆಟ್ಟಗೆ ನಿಂತ ಅಂಚು ಕಾಗದದ ಮೇಲೆ ಬಹಳ ಚೆಂದವಾಗಿ ಕಾಣುತ್ತದೆ. ನಾವೂ ಹಾಗೆಯೇ ಕಲಿತೆವು, ಹಾಗೆಯೇ ಕಲಿಸಿದೆವು.

ಈಗ ವಿಷಯಕ್ಕೆ ಬರೋಣ. ನೆಯ್ಗೆಗೂ ಹೆಣಿಗೆಗೂ ಇರುವ ಭೇದವನ್ನು ಮೊದಲು ತಿಳಿಯಬೇಕು. ನಮ್ಮ ಸೀಮೆಯ ಜನರಿಗೆ ಉಣ್ಣೆಯು ಹೊಸದಲ್ಲ. ಕುರುಬರು ಕುರಿಯ ತುಪ್ಪಟವನ್ನು ಕತ್ತರಿಸಿ, ನೂತು, ಹಾಸಿಗೆ ಹುಣಿಸೆಬೀಜದ ಗಂಜಿಯನ್ನು ಹಚ್ಚಿ, ಗುಳಿಮಗ್ಗದಲ್ಲಿ ಕಂಬಳಿಯನ್ನು ನೇಯುವರು. ಹುಣಸೂರಿನಲ್ಲಿಯೂ 1864ರವರೆಗೆ ಸೈನ್ಯದ ಸರಬರಾಜಿಗಾಗಿ ಚರ್ಮ ಹದಮಾಡುವ ಮತ್ತು ಬಟ್ಟೆ ನೇಯುವ ಕಾರ್ಖಾನೆಗಳಿದ್ದವು. ಅವು ಮುಚ್ಚಿದ ಬಳಿಕವೂ ಉತ್ತಮ ಕಂಬಳಿಗಳಿಗೆ ಆ ಊರು ಬಹುಕಾಲ ಹೆಸರಾಗಿತ್ತು. ಆದರೆ ಕಂಬಳಿಯಲ್ಲಿ ಹಾಸು ಹೊಕ್ಕುಗಳೆರಡೂ ನೆಟ್ಟಗೆ ಓಡುವ ಎಳೆಗಳು. ಎಳೆದರೆ ಅದು ಹೆಚ್ಚು ಹಿಗ್ಗುವುದಿಲ್ಲ. ಹೆಣಿಗೆಯಲ್ಲಿ ಒಂದೇ ದಾರವು ಕುಣಿಕೆ ಕುಣಿಕೆಯಾಗಿ ಬಳುಕುತ್ತ ಹೋಗುವುದು. ಎಳೆದಾಗ ಪ್ರತಿಯೊಂದು ಕುಣಿಕೆಯೂ ಅಡ್ಡಲಾಗಿ ಅಗಲವಾಗಿ, ಬಿಟ್ಟಾಗ ಮರಳಿ ಕೂಡಿಕೊಳ್ಳುವುದು. ಕಾಲುಚೀಲವು ಹಿಮ್ಮಡಿಯನ್ನು ದಾಟಿ ಕಾಲಿಗೆ ಅಂಟಿ ನಿಲ್ಲುವುದು ಈ ಗುಣದಿಂದಲೇ.

ಮೊದಲ ಸಾಲಿನ ಕುಣಿಕೆಗಳಿಗೆ ಮಾತ್ರ ಕೆಳಗೆ ಆಧಾರವಾಗಿ ಬೇರೆ ಸಾಲಿಲ್ಲ. ಅವುಗಳನ್ನು ಕಡ್ಡಿಗೆ ಏರಿಸುವಾಗ ಕುಣಿಕೆಯಿಂದ ಕುಣಿಕೆಗೆ ಹಾಯುವ ದಾರವೇ ಅಂಚಾಗುತ್ತದೆ. ಆ ದಾರವು ಗಿಡ್ಡವಾದರೆ ಮೇಲಿನ ಹೆಣಿಗೆಯೆಲ್ಲ ಹಿಗ್ಗಿದರೂ ಅಂಚು ಹಿಗ್ಗದು. ಈ ದಾರವನ್ನು ಹಾಯಿಸುವ ಬಗೆಗಳು ಹಲವಿವೆ. ನಮ್ಮ ಮನೆಗಳಿಗೆ ಐದು ಸಾಕು.

ಮೊದಲನೆಯದು ಹೆಬ್ಬೆರಳ ಕುಣಿಕೆ. ದಾರವನ್ನು ಹೆಬ್ಬೆರಳಿಗೆ ಸುತ್ತಿ, ಒಂದು ತಿರುವು ಕೊಟ್ಟು ಕಡ್ಡಿಗೆ ಹಾಕುವುದು. ಐದನೆಯ ತರಗತಿಯ ಹುಡುಗಿಯೂ ನಿಮಿಷದಲ್ಲಿ ಕಲಿಯುವಳು. ಆದರೆ ಮುಂದಿನ ಸಾಲನ್ನು ಹೆಣೆಯುವಾಗ ಕುಣಿಕೆಗಳ ನಡುವಣ ದಾರವು ಉದ್ದವಾಗುತ್ತ ಹೋಗಿ ಅಂಚು ಜೋತುಬೀಳುವುದು. ಗುಂಡಿಯ ಕಾಜಾ, ಕೈಗವಸಿನ ಹೆಬ್ಬೆರಳು ಮುಂತಾದೆಡೆ ನಡುವೆ ನಾಲ್ಕಾರು ಕುಣಿಕೆಗಳನ್ನು ಸೇರಿಸುವುದಕ್ಕೆ ಇದು ತಕ್ಕದ್ದು. ಉಡುಪಿನ ಅಂಚಿಗೆ ಸಲ್ಲದು.

ಎರಡನೆಯದು ಎರಡೆಳೆಯ ರೀತಿ. ಪೇಟೆಯ ಪುಸ್ತಕಗಳಲ್ಲಿ ಇದನ್ನು ‘ಲಾಂಗ್ ಟೇಲ್’ ಎನ್ನುವರು. ದಾರದ ಬಾಲವನ್ನು ಹೆಬ್ಬೆರಳಿಗೂ ಉಂಡೆಯ ದಾರವನ್ನು ತೋರುಬೆರಳಿಗೂ ಹಾಕಿ, ಕಡ್ಡಿಯಿಂದ ಹೆಬ್ಬೆರಳ ಕುಣಿಕೆಯೊಳಗೆ ತೂರಿ, ತೋರುಬೆರಳ ದಾರವನ್ನು ಸೆಳೆದು ತರುವುದು. ಅಂಚು ಅಚ್ಚುಕಟ್ಟಾಗಿಯೂ ಸಾಕಷ್ಟು ಹಿಗ್ಗುವಂತೆಯೂ ಆಗುತ್ತದೆ. ಯಾವುದೊಂದನ್ನೇ ಕಲಿಯುವೆನೆಂಬವರು ಇದನ್ನು ಕಲಿಯಲಿ. ಇದರಲ್ಲಿರುವ ತೊಡಕೆಂದರೆ, ಕೊನೆಯ ಕುಣಿಕೆಗಳಿಗೆ ಬರುವಾಗ ಬಾಲವು ಮುಗಿದುಹೋಗುವುದು. ದಾರವನ್ನು ಕಡ್ಡಿಗೆ ಹತ್ತು ಸುತ್ತು ಸುತ್ತಿ ಬಿಚ್ಚಿ ಅಳೆಯಿರಿ; ಅದು ಹತ್ತು ಕುಣಿಕೆಗೆ ಬೇಕಾದ ಉದ್ದ. 60 ಕುಣಿಕೆ ಬೇಕಾದರೆ ಅದರ ಆರರಷ್ಟು, ಮೇಲೆ ಒಂದು ಗೇಣು ಬಿಟ್ಟುಕೊಂಡರೆ ಕೊರತೆಯಾಗದು.

ಮೂರನೆಯದು ಹೆಣೆದೇರಿಸುವ ರೀತಿ. ಎರಡು ಕಡ್ಡಿಗಳನ್ನು ಹಿಡಿದು, ಕೊನೆಯ ಕುಣಿಕೆಯೊಳಗಿಂದ ಹೊಸದೊಂದನ್ನು ಎಳೆದು ಎಡಗಡ್ಡಿಗೆ ಏರಿಸುತ್ತ ಹೋಗುವುದು. ಬಾಲದ ಲೆಕ್ಕ ಬೇಕಾಗಿಲ್ಲ. ಅಂಚು ಮೆತ್ತಗೆ, ತುಸು ಜಾಳಾಗಿರುತ್ತದೆ. ಶಾಲಿಗೂ ಜಾಲರಿ ಹೆಣಿಗೆಗೂ ಒಪ್ಪುವುದು.

ನಾಲ್ಕನೆಯದು ಹುರಿಯಂಚು, ಅಂದರೆ ‘ಕೇಬಲ್’ ರೀತಿ. ಇದೂ ಮೂರನೆಯದರಂತೆಯೇ, ಭೇದವಿಷ್ಟೇ, ಕಡ್ಡಿಯನ್ನು ಕುಣಿಕೆಯೊಳಕ್ಕೆ ತೂರಿಸದೆ ಕೊನೆಯ ಎರಡು ಕುಣಿಕೆಗಳ ನಡುವೆ ತೂರಿಸುವುದು. ಅಂಚು ಹೊಸೆದ ಹುರಿಯಂತೆ ದೃಢವಾಗಿಯೂ ಅಂದವಾಗಿಯೂ ಆಗುತ್ತದೆ. ಚೀಲದ ಬಾಯಿ, ಜೇಬು, ಮುಂದೆ ಗುಂಡಿಯಿರುವ ಕೋಟಿನ ಕೆಳಂಚು ಇವಕ್ಕೆ ಇದಕ್ಕಿಂತ ಉತ್ತಮವಾದುದಿಲ್ಲ. ಆದರೆ ಇದು ಹಿಗ್ಗುವುದು ಕಡಿಮೆ. ನಾವು ಎಲ್ಲಕ್ಕೂ ಕಲಿಸುತ್ತಿದ್ದುದು ಇದನ್ನೇ. ಹಳದಿ ಸ್ವೆಟರಿನ ಕತ್ತನ್ನು ಕಟ್ಟಿಹಾಕಿದ್ದೂ ಇದೇ.

ಐದನೆಯದನ್ನು ನಾರ್ವೆಯ ಹಳೆಯ ರೀತಿಯೆಂದು ಕರೆಯುವರು. ಎರಡೆಳೆಯ ರೀತಿಗೆ ಒಂದು ತಿರುವನ್ನು ಕೂಡಿಸಿದರೆ ಇದಾಯಿತು. ಕಡ್ಡಿಯನ್ನು ಹೆಬ್ಬೆರಳ ಎರಡೂ ಎಳೆಗಳ ಅಡಿಯಿಂದ ಒಯ್ದು, ಮೇಲಿನಿಂದ ಕುಣಿಕೆಯೊಳಕ್ಕೆ ಇಳಿಸಿ ಮುಂದಕ್ಕೆ ತಂದು, ತೋರುಬೆರಳ ದಾರವನ್ನು ಹಿಡಿದು, ಹೆಬ್ಬೆರಳನ್ನು ಬಾಗಿಸಿ ದಾರಿಮಾಡಿಕೊಟ್ಟು ಹೊರಕ್ಕೆ ಸೆಳೆಯುವುದು. ಓದುವಾಗ ಕಷ್ಟವೆಂದು ತೋರುತ್ತದೆ. ಕೈಯಲ್ಲಿ ಹಿಡಿದರೆ ಕಾಲು ಗಂಟೆಯ ಪಾಠ. ಆ ಹೆಚ್ಚಿನ ತಿರುವಿನಲ್ಲಿ ಅಡಗಿರುವ ದಾರವು ಎಳೆದಾಗ ಬಿಚ್ಚಿಕೊಂಡು ಅಂಚಿಗೆ ಎಡೆಗೊಡುತ್ತದೆ. ಕುಲಾವಿ, ಕಾಲುಚೀಲ, ಕೂಸಿನ ಸ್ವೆಟರಿನ ಕತ್ತು ಇವಕ್ಕೆ ಈಗ ನಾವು ಇದನ್ನೇ ಕಲಿಸುತ್ತಿದ್ದೇವೆ.

ಅಂಚು ಬಿಗಿಯಾದರೆ ದಪ್ಪ ಕಡ್ಡಿಯಿಂದ ಏರಿಸಿರೆಂದು ಹಿರಿಯರು ಹೇಳುವುದುಂಟು. ಅದರಿಂದ ಕುಣಿಕೆಯು ಎತ್ತರವಾಗುವುದೇ ಹೊರತು, ಕುಣಿಕೆಗಳ ನಡುವಣ ದಾರವು ಅಷ್ಟಾಗಿ ಉದ್ದವಾಗದು. ಪ್ರತಿ ಕುಣಿಕೆಯನ್ನೂ ಏರಿಸಿದ ಮೇಲೆ ಅದರ ಪಕ್ಕದಲ್ಲಿ ತೋರುಬೆರಳ ತುದಿಯನ್ನಿಟ್ಟು, ಸ್ವಲ್ಪ ಎಡೆಬಿಟ್ಟು ಮುಂದಿನದನ್ನು ಏರಿಸುವುದು ಮೇಲು.

ಅಂಚನ್ನು ಆರಿಸುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಈ ಅಂಚನ್ನು ದಾಟುವುದು ಯಾವುದು? ದಾಟಿದ ಮೇಲೆ ಅದು ನಿಲ್ಲುವುದೆಲ್ಲಿ? ದಾರವು ಎಂಥದು? ಹುಟ್ಟಿದ ಕೂಸಿನ ತಲೆಯ ಸುತ್ತು ಸುಮಾರು 35 ಸೆಂಟಿಮೀಟರು. ಒಂದು ವರುಷಕ್ಕೆ 45ರ ಆಸುಪಾಸು. ಕತ್ತಾದರೋ ಅದಕ್ಕಿಂತ ಬಹಳ ಸಣ್ಣದು. ಆದುದರಿಂದ ಕತ್ತಿನ ಅಂಚು ತಲೆಯಷ್ಟು ಹಿಗ್ಗಿ ಕತ್ತಿನಷ್ಟಕ್ಕೆ ಕುಗ್ಗಬೇಕು. ಹಾಗೆಯೇ ಕಾಲುಚೀಲದ ಬಾಯಿಗೆ ಹಿಮ್ಮಡಿಯ ಅಳತೆ ಮುಖ್ಯವೇ ಹೊರತು ಕಣಕಾಲಿನದಲ್ಲ. ದಾರದ ಮಾತೆಂದರೆ, ಪೇಟೆಯಲ್ಲಿ ಉಲ್ಲನ್ ಎಂದು ಮಾರುವ ಉಂಡೆಗಳಲ್ಲಿ ಹೆಚ್ಚಿನವು ಅಕ್ರಿಲಿಕ್ ಎಂಬ ಕೃತಕ ನೂಲು. ಅದರ ಮೇಲೆ ಬಿಸಿ ಇಸ್ತ್ರಿಯನ್ನಿಟ್ಟರೆ ಅಂಚು ಚಪ್ಪಟೆಯಾಗಿ ಸತ್ತುಹೋಗುವುದು. ಹತ್ತಿಯ ದಾರವು ನಮ್ಮ ಹವೆಗೆ ಹಿತವಾದರೂ ಉಣ್ಣೆಯಂತೆ ಮರಳಿ ಕುಗ್ಗುವುದಿಲ್ಲ. ಆದಕಾರಣ ಹತ್ತಿಯಲ್ಲಿ ಎರಡೆಳೆಯ ರೀತಿಯೇ ಸಾಕು. ಹೆಚ್ಚು ಸಡಿಲಬಿಟ್ಟರೆ ಅಂಚು ಕೊಡೆಯಂತೆ ಅರಳುವುದು. ಸಂಶಯವಿದ್ದಲ್ಲಿ 20 ಕುಣಿಕೆಗಳನ್ನೇರಿಸಿ, ಎರಡು ಅಂಗುಲ ಹೆಣೆದು, ಮುಚ್ಚಿ, ಎರಡು ಕೈಗಳಿಂದ ಎಳೆದು ನೋಡಿರಿ. ಅಂಚಿಗಿಂತ ಮುಂಚೆ ಹೆಣಿಗೆಯು ನಿಂತರೆ ಅಂಚು ಸರಿ. ಹೆಣಿಗೆ ಇನ್ನೂ ಹಿಗ್ಗುತ್ತಿರುವಾಗಲೇ ಅಂಚು ನಿಂತರೆ ಬೇರೆ ರೀತಿಯನ್ನು ಹಿಡಿಯತಕ್ಕದ್ದು.

ಬಿಗಿಯಂಚಿನ ಬಟ್ಟೆಗಳು ಈಗಾಗಲೇ ನಿಮ್ಮ ಟ್ರಂಕುಗಳಲ್ಲಿದ್ದರೆ ಎಸೆಯಬೇಡಿರಿ. ಹೆಣಿಗೆಯು ಮುಚ್ಚಿದ ತುದಿಯಿಂದ ಸುಲಭವಾಗಿ ಬಿಚ್ಚಿಬರುವುದು. ಆರಂಭಿಸಿದ ತುದಿಯಿಂದ ಬಾರದು. ಆದುದರಿಂದ ಕತ್ತಿನ ಪಟ್ಟಿಯು ಮುಗಿದು ಸಾದಾ ಹೆಣಿಗೆ ಮೊದಲಾಗುವ ಕಡೆ ಒಂದು ಕುಣಿಕೆಯನ್ನು ಕತ್ತರಿಸಿ, ಆ ಸಾಲಿನ ದಾರವನ್ನು ಮೆಲ್ಲಗೆ ಎಳೆದು ತೆಗೆಯಿರಿ. ಪಟ್ಟಿಯು ಬೇರೆಯಾಗುವುದು. ತೆರೆದುಕೊಂಡ ಕುಣಿಕೆಗಳನ್ನು ಕಡ್ಡಿಗೆ ಎತ್ತಿಕೊಂಡು ಹೊಸ ಪಟ್ಟಿಯನ್ನು ಹೆಣೆದು, ಕೊನೆಯಲ್ಲಿ ಸಡಿಲವಾಗಿ ಮುಚ್ಚಿರಿ. ಹಳದಿ ಸ್ವೆಟರಿಗೆ ಅಂದು ಮಧ್ಯಾಹ್ನ ನಮ್ಮ ಹೊಲಿಗೆಯ ಕೊಠಡಿಯಲ್ಲಿ ಮಾಡಿದ್ದು ಇದನ್ನೇ. ಸಂಜೆಯ ಬಸ್ಸಿಗೆ ಹೋಗುವಾಗ ಕೂಸು ಅದನ್ನು ತೊಟ್ಟುಕೊಂಡೇ ಹೋಯಿತು, ಅಳಲಿಲ್ಲ.

ಪೇಟೆಯಲ್ಲಿ ಅಗ್ಗವಾಗಿ ಸಿಕ್ಕುವಾಗ ಇಷ್ಟು ಶ್ರಮವೇಕೆಂದು ತಂದೆತಾಯಂದಿರು ಕೇಳಬಹುದು. ಸಿಕ್ಕುವುದು ನಿಜ. ಆದರೆ ಹೊಗೆಸೊಪ್ಪಿನ ಬ್ಯಾರನ್ನಿಗೆ ರಾತ್ರಿಯೆಲ್ಲ ಸೌದೆಯಿಡುವ ತಾಯಿಯ ಮಗ್ಗುಲಲ್ಲಿ ಮಲಗುವ ಮಗುವಿಗೆ, ಕೋಟೆಯ ಕಾಡಂಚಿನ ಮಂಜಿನಲ್ಲಿ ಶಾಲೆಗೆ ನಡೆಯುವ ಹುಡುಗನಿಗೆ, ಅವರವರ ಮೈಯಳತೆಗೆ ಹೆಣೆದು, ಬೆಳೆದಂತೆ ಕೆಳಗಿನಿಂದ ಬಿಚ್ಚಿ ಉದ್ದಮಾಡಿಕೊಡಬಲ್ಲ ಅಂಗಡಿಯನ್ನು ನಾವು ಕಂಡಿಲ್ಲ. ಕತ್ತಿನಿಂದ ಕೆಳಕ್ಕೆ ಹೆಣೆಯಿರೆಂದು ನಾವು ಹೇಳುವುದು ಇದಕ್ಕಾಗಿಯೇ.

ಅಪೊಸ್ತಲರ ಕೃತ್ಯಗಳಲ್ಲಿ ಯೊಪ್ಪದ ತಬಿಥಾಳ ವೃತ್ತಾಂತವುಂಟು. ಆಕೆ ತೀರಿಕೊಂಡಾಗ ವಿಧವೆಯರು ಅಳುತ್ತ, ಆಕೆ ಮಾಡಿಕೊಟ್ಟಿದ್ದ ಅಂಗಿಗಳನ್ನು ಪೇತ್ರನಿಗೆ ತೋರಿಸಿದರು. ಆಕೆಯ ಕೆಲಸಕ್ಕೆ ಸಾಕ್ಷಿ ನುಡಿದವರು ಅದನ್ನು ತೊಟ್ಟವರೇ. ಈ ವರುಷದಿಂದ ನಮ್ಮ ಹೊಲಿಗೆಯ ಪರೀಕ್ಷೆಯಲ್ಲಿ ಅಂಚನ್ನು ನೋಡಿ ಮಾತ್ರ ಅಂಕ ಕೊಡುವುದಿಲ್ಲ, ಎಳೆದು ನೋಡಿ ಕೊಡುತ್ತೇವೆ. ಹಿಂದೆ ನಮ್ಮಿಂದ ಕಡಿಮೆ ಅಂಕ ಪಡೆದು, ತಮ್ಮ ಕೈಗೆ ಹೆಣಿಗೆ ಹತ್ತದೆಂದು ಕಡ್ಡಿಗಳನ್ನು ಎತ್ತಿಟ್ಟಿರುವ ಸಹೋದರಿಯರು ಅವನ್ನು ಮತ್ತೆ ಕೈಗೆ ತೆಗೆದುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇವೆ. ಹೊಲಿಗೆಯ ಕೊಠಡಿಯ ಬಾಗಿಲು ಶನಿವಾರ ಮಧ್ಯಾಹ್ನ ನಿಮಗಾಗಿ ತೆರೆದಿರುವುದು. ಬರುವಾಗ ಕೂಸನ್ನೂ ಕರೆತನ್ನಿರಿ, ಅಳತೆಗೆ ಬೇಕಾಗುತ್ತದೆ.