ಓಟ ನಿಂತರೂ ನಿಲ್ಲದ ವಾಚ್

ಕಬ್ಬನ್ ಪಾರ್ಕಿನಲ್ಲಿ ಒಂದು ಗಂಟೆ ಓಡಿ 10 ಕಿಲೋಮೀಟರ್ ಮುಗಿಸಿದವರು ವಾಚ್ ನಿಲ್ಲಿಸುವುದನ್ನು ಮರೆತು ಕಾರು ಹತ್ತಿದರೆನ್ನಿ. ಮನೆಗೆ ಕಾಲು ಗಂಟೆ, 6 ಕಿಲೋಮೀಟರ್. ವಾಚ್ ತೋರಿಸುವುದು 16 ಕಿಲೋಮೀಟರ್, ಸರಾಸರಿ ವೇಗ ಗಂಟೆಗೆ 12.8. ಕೊನೆಯ ಹದಿನೈದು ನಿಮಿಷ ಕತ್ತರಿಸಿದರೆ ಸಾಕು ಅನ್ನಿಸುತ್ತದೆ. ಸಾಲದು.

ಗಾರ್ಮಿನ್ ಮತ್ತಿತರ ಕಂಪನಿಗಳ ವಾಚು, ಸೈಕಲ್ ಕಂಪ್ಯೂಟರುಗಳು ಬಳಸುವ ‘ಫಿಟ್’ ಫೈಲು ಒಂದು ಲೆಕ್ಕದ ಪುಸ್ತಕವಿದ್ದಂತೆ. ದಿನದ ಜಮೆಗಳೇ ಬೇರೆ, ಕೊನೆಯ ಒಟ್ಟು ಮೊತ್ತವೇ ಬೇರೆ ಸಾಲು. ವಾಚು ಸೆಕೆಂಡಿಗೊಮ್ಮೆ, ಅಥವಾ ಬದಲಾವಣೆ ಕಂಡಾಗ ಮಾತ್ರ, ಒಂದು ‘ರೆಕಾರ್ಡ್’ ಬರೆಯುತ್ತದೆ: ಸಮಯ, ಸ್ಥಳ, ಎತ್ತರ, ಹೃದಯ ಬಡಿತ, ಹೆಜ್ಜೆಯ ಲಯ, ಅಲ್ಲಿಯವರೆಗಿನ ದೂರ. ಸಮಯವನ್ನು ಅದು ಎಣಿಸುವುದು 1989ರ ಡಿಸೆಂಬರ್ 31 ಶುರುವಾದ ಕ್ಷಣದಿಂದ, ಸೆಕೆಂಡುಗಳಲ್ಲಿ. ಸ್ಥಳಕ್ಕೆ ಡಿಗ್ರಿ ಬಳಸುವುದಿಲ್ಲ. 180 ಡಿಗ್ರಿಯನ್ನು 2,14,74,83,648 ಪಾಲು ಮಾಡಿ ಪೂರ್ಣಾಂಕದಲ್ಲಿ ಬರೆಯುತ್ತದೆ. ಭೂಮಧ್ಯರೇಖೆಯಲ್ಲಿ ಒಂದು ಪಾಲು ಒಂದು ಸೆಂಟಿಮೀಟರಿಗೂ ಕಡಿಮೆ. ಜಿಪಿಎಸ್‌ಗೆ ಅಷ್ಟು ನಿಖರತೆ ಎಲ್ಲಿದೆ! ಆದರೂ ದಶಮಾಂಶದ ಗೊಡವೆಯಿಲ್ಲದೆ ಅಕ್ಷಾಂಶ, ರೇಖಾಂಶಗಳಿಗೆ ತಲಾ ನಾಲ್ಕೇ ಬೈಟಿನಲ್ಲಿ ಕೆಲಸ ಮುಗಿಸುವ ಈ ಜಾಣತನ ನನಗೆ ತುಂಬ ಇಷ್ಟ.

ಎಲ್ಲಿ ಕತ್ತರಿಸಬೇಕೆಂದು ವೇಗವೊಂದನ್ನೇ ನೋಡಿ ತೀರ್ಮಾನಿಸಬಾರದು. ಟ್ರಾಫಿಕ್ಕಿನಲ್ಲಿ ಕಾರೂ ಓಟಗಾರನಷ್ಟೇ ನಿಧಾನವಾಗಿ ಹೋಗುತ್ತದೆ. ಹೆಜ್ಜೆಯ ಲಯ ನೋಡಿ. ಓಡುವಾಗ ನಿಮಿಷಕ್ಕೆ 160, 170ರ ಆಸುಪಾಸಿನಲ್ಲಿದ್ದದ್ದು ಸೀಟಿನಲ್ಲಿ ಕೂತೊಡನೆ ಸೊನ್ನೆಯತ್ತ ಬೀಳುತ್ತದೆ. ಹಿಂದೆಯೇ ಹೃದಯ ಬಡಿತವೂ ಇಳಿಯತೊಡಗುತ್ತದೆ. ಕತ್ತರಿ ಹಾಕಬೇಕಾದ್ದು ಅಲ್ಲಿ.

ಕಾರಿನ ರೆಕಾರ್ಡುಗಳು ಹೋದವು. ಆದರೆ ಒಟ್ಟು ದೂರ, ಸಮಯ, ಸರಾಸರಿ, ಗರಿಷ್ಠ ವೇಗವೆಲ್ಲ ‘ಸೆಷನ್’ ಎಂಬ ಬೇರೆ ಸಂದೇಶದಲ್ಲಿ ಮೊದಲೇ ಬರೆದಾಗಿದೆ. ಅಲ್ಲಿನ 16 ಹಾಗೇ ಉಳಿದಿರುತ್ತದೆ. ಪ್ರತಿ ಲ್ಯಾಪಿಗೂ ಇಂಥದೇ ಸಾರಾಂಶವುಂಟು. ಇವನ್ನೆಲ್ಲ ಉಳಿದ ರೆಕಾರ್ಡುಗಳಿಂದ ಮತ್ತೆ ಲೆಕ್ಕ ಹಾಕಬೇಕು. ಕ್ಯಾಲರಿಯದ್ದು ಬೇರೆ ತೊಡಕು: ಸಾಮಾನ್ಯವಾಗಿ ವಾಚು ಒಟ್ಟು ಅಂಕಿಯನ್ನಷ್ಟೇ ಬರೆದಿಡುತ್ತದೆ, ತನ್ನ ಸೂತ್ರವನ್ನಲ್ಲ. ಹಾಗಾಗಿ ಟ್ರಿಮ್ ಮಾಡಿದ ಫೈಲಿನ ಕ್ಯಾಲರಿ ಅಂದಾಜೇ ಸರಿ.

ಫೈಲಿನ ತಲೆಯಲ್ಲಿ ಒಳಗಿನ ಮಾಹಿತಿಯ ಗಾತ್ರವಿರುತ್ತದೆ, ಬಾಲದಲ್ಲಿ ಎರಡು ಬೈಟಿನ ತಾಳೆ ಸಂಖ್ಯೆ. ಒಳಗೆ ಒಂದು ಬೈಟ್ ಬದಲಾದರೂ ತಾಳೆ ತಪ್ಪುತ್ತದೆ. ಎರಡನ್ನೂ ತಿದ್ದದಿದ್ದರೆ ತಾಳೆ ನೋಡುವ ಆ್ಯಪ್ ಫೈಲನ್ನು ತೆಗೆದುಕೊಳ್ಳುವುದೇ ಇಲ್ಲ.

ಆರಂಭವನ್ನು ಕತ್ತರಿಸುವುದು ಇನ್ನೂ ನಾಜೂಕು. ರೆಕಾರ್ಡಿನ ದೂರ ಮೊದಲಿನಿಂದ ಕೂಡಿಕೊಂಡು ಬಂದದ್ದು. ಮೊದಲ 800 ಮೀಟರ್ ತೆಗೆದರೆ ಉಳಿದ ಪ್ರತಿ ರೆಕಾರ್ಡಿನಿಂದಲೂ 800 ಕಳೆಯಬೇಕು. ಆರಂಭದಲ್ಲಿರುವ ‘ಡೆಫಿನಿಷನ್’ ಸಂದೇಶಗಳನ್ನು ಮುಟ್ಟುವಂತಿಲ್ಲ. ಯಾವ ಬೈಟು ಯಾವ ಅಳತೆಯದೆಂದು ಹೇಳುವವು ಅವೇ. ಅವು ಹೋದರೆ ಉಳಿದದ್ದೆಲ್ಲ ಅರ್ಥವಿಲ್ಲದ ಅಂಕಿ.

ಮನೆಯ ಬಾಗಿಲಿನಿಂದಲೇ ಓಟ ಶುರುಮಾಡುವವರು ವಿಳಾಸ ಮುಚ್ಚಿಡಲೆಂದೇ ಹೀಗೆ ಕತ್ತರಿಸುವುದುಂಟು. 2018ರ ಜನವರಿಯಲ್ಲಿ, ಓಟದ ದಾಖಲೆ ಹಂಚಿಕೊಳ್ಳುವ ಆ್ಯಪ್ ಸ್ಟ್ರಾವಾದ ಜಾಗತಿಕ ಹೀಟ್‌ಮ್ಯಾಪಿನಲ್ಲಿ ಸೇನಾ ನೆಲೆಗಳ ಓಟದ ದಾರಿಗಳು ಎದ್ದು ಕಂಡಾಗ ಈ ಎಚ್ಚರ ಹೆಚ್ಚಿತು. ಇಂಥವರು ನಕ್ಷೆಯ ಗೆರೆ ಮಾಯವಾಯಿತೆಂದು ನಂಬಿ ಫೈಲ್ ಹಂಚಬಾರದು. ಸೆಷನ್ ಮತ್ತು ಲ್ಯಾಪ್ ಸಂದೇಶಗಳಲ್ಲಿ ‘ಆರಂಭದ ಸ್ಥಳ’ಕ್ಕೆ ಬೇರೆಯೇ ಜಾಗವಿದೆ. ಅದನ್ನು ಅಳಿಸದಿದ್ದರೆ ಮನೆಯ ಅಕ್ಷಾಂಶ, ರೇಖಾಂಶ ಎರಡೂ ಫೈಲಿನಲ್ಲೇ ಇರುತ್ತವೆ.